ಲೆನ್ಸಿನಲ್ಲಿ ಕಂಡ ಗುಳ್ಳೆಗಳು: ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ. ಊರು, ವಯಸ್ಸು, ತಿಂಗಳು, ಮನೆಯವರ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಹುಡುಗನ ಕೆಲಸವನ್ನು ಮಾತ್ರ ಬದಲಿಸಿಲ್ಲ. ಅದನ್ನು ತೆಗೆದರೆ ಕಥೆಯೇ ನಿಲ್ಲುವುದಿಲ್ಲ. ಮೊಬೈಲ್ ರಿಪೇರಿ ಅಂಗಡಿ ಇಲ್ಲದ ಊರು ಈಗ ಎಲ್ಲಿದೆ ಹೇಳಿ? ಹಾಗಾಗಿ ಗುರುತು ಸಿಗುವ ಭಯವಿಲ್ಲ. ಅವನ ಒಪ್ಪಿಗೆಯೂ ಇದೆ. 'ಬರೀರಿ ಸಾರ್, ನನ್ನ ಥರ ಇನ್ನೊಬ್ಬ ಸುಣ್ಣ ಹಚ್ಕೋಬಾರ್ದು' ಅಂದಿದ್ದ.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕ. ಎಚ್‌ಐವಿ ಪರೀಕ್ಷೆಗೆ ಬರುವವರ ಜತೆ, ಸುರಕ್ಷಾ ಕ್ಲಿನಿಕ್‌ಗೆ ಬರುವವರ ಜತೆ ಮಾತಾಡುವುದು ನನ್ನ ಕೆಲಸ. ಸುರಕ್ಷಾ ಕ್ಲಿನಿಕ್ ಅಂದರೆ ಲೈಂಗಿಕ ಸೋಂಕುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇರುವ ವಿಭಾಗ. ಅಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ನಾನು ಡಾಕ್ಟರಲ್ಲ. ಕಾಯಿಲೆ ಬಗ್ಗೆ ಇಲ್ಲಿ ಬರೆದದ್ದೆಲ್ಲ ನಮ್ಮ ಚರ್ಮರೋಗ ವಿಭಾಗದ ಮೇಡಂ ಜತೆ ವರ್ಷಗಟ್ಟಲೆ ಕೆಲಸ ಮಾಡಿ ಕಲಿತದ್ದು.

ಅವನು ಬಂದದ್ದು ಓಪಿಡಿ ಮುಗಿಯುವ ಹೊತ್ತಿಗೆ. ಜತೆಗೆ ಅಕ್ಕನ ಗಂಡ. ಭಾವ ಮುಂದೆ, ಇವನು ಹಿಂದೆ. ಪ್ಯಾಂಟು ಎಲ್ಲೋ ತಾಗಿ ಉರಿಯುತ್ತಿದೆ ಅನ್ನುವ ಹಾಗೆ ಕಾಲು ಅಗಲಿಸಿಕೊಂಡು ನಡೆಯುತ್ತಿದ್ದ.

'ನಮ್ಮ ಹುಡುಗನಿಗೆ ಅಲ್ಲೇನೋ ಆಗಿದೆ ಸಾರ್' ಎಂದರು ಭಾವ.

'ಅಲ್ಲಿ' ಅನ್ನುವ ಒಂದೇ ಪದದಲ್ಲಿ ನಮ್ಮ ಜನ ಸೊಂಟದಿಂದ ಕೆಳಗಿನದನ್ನೆಲ್ಲ ಮುಗಿಸಿಬಿಡುತ್ತಾರೆ. ಅದಕ್ಕೇ ನಮ್ಮ ಕೆಲಸದಲ್ಲಿ ಅರ್ಧ ದಿನ 'ಅಲ್ಲಿ ಅಂದ್ರೆ ಎಲ್ಲಿ?' ಅಂತ ಕೇಳುವುದರಲ್ಲೇ ಹೋಗುತ್ತದೆ.

ಹುಡುಗನಿಗೆ 26. ನಿಶ್ಚಿತಾರ್ಥ ಆಗಿತ್ತು. ಮದುವೆಗೆ ಎರಡೂವರೆ ತಿಂಗಳಿತ್ತು. ಇದ್ದಕ್ಕಿದ್ದಂತೆ 'ಈ ವರ್ಷ ಬೇಡ, ಅಂಗಡಿ ಸಾಲ ತೀರಲಿ' ಅಂತ ಹಟ ಹಿಡಿದಿದ್ದ. ಅಮ್ಮ ಊಟ ಬಿಟ್ಟಿದ್ದರು. ಹೆಣ್ಣಿನ ಕಡೆಯವರು ಗುಸುಗುಸು ಶುರು ಮಾಡಿದ್ದರು. ಹುಡುಗ ಬೇರೆ ಯಾರನ್ನೋ ಇಷ್ಟಪಟ್ಟಿರಬೇಕು ಅಂತ ಭಾವನಿಗೆ ಅನುಮಾನ. ಚಹಾ ಕುಡಿಸುವ ನೆಪದಲ್ಲಿ ಊರಾಚೆ ಕರೆದುಕೊಂಡು ಹೋಗಿ ಕೇಳಿದಾಗ ಬೇರೆಯದೇ ಸಂಗತಿ ಹೊರಬಿತ್ತು. ಈ ಭಾವನನ್ನು ನಾನು ಮೆಚ್ಚಿದೆ. ಬೈಯಲಿಲ್ಲ, ಯಾರಿಗೂ ಹೇಳಲಿಲ್ಲ, ಮರುದಿನವೇ ಬೈಕಿನಲ್ಲಿ ಕೂರಿಸಿಕೊಂಡು ಬಂದರು.

ಭಾವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿದೆ. ಎರಡು ನಿಮಿಷ ಮಾತಿಲ್ಲ. ಆಮೇಲೆ ಹುಡುಗ ಹೇಳಿದ ಮೊದಲ ಮಾತು:

'ಸಾರ್, ನನಗೆ ಏಡ್ಸ್ ಇದೆ.'

ಪರೀಕ್ಷೆ ಮಾಡಿಸಿದ್ದೀರಾ ಅಂದರೆ ಇಲ್ಲ. ಡಾಕ್ಟರಿಗೆ ತೋರಿಸಿದ್ದೀರಾ ಅಂದರೆ ಅದೂ ಇಲ್ಲ.

ಶುರುವಾದದ್ದು ಹೀಗೆ

ಎಂಟು ತಿಂಗಳ ಹಿಂದೆ ಒಂದು ರಾತ್ರಿ ಅಂಗಡಿಯ ಶಟರ್ ಅರ್ಧ ಇಳಿಸಿ ಒಂದು ಬೋರ್ಡು ರಿಪೇರಿ ಮಾಡುತ್ತಿದ್ದನಂತೆ. ಬೆಳಿಗ್ಗೆ ಸ್ನಾನದಲ್ಲಿ ಏನೋ ಒರಟು ಕೈಗೆ ತಾಗಿದ್ದು ನೆನಪಾಯಿತು. ಕೈಯಲ್ಲಿ ಲೆನ್ಸ್ ಇತ್ತು. ಚಾರ್ಜಿಂಗ್ ಪಿನ್ ನೋಡುವ, ಸುತ್ತ ಎಲ್‌ಇಡಿ ಇರುವ ಲೆನ್ಸು. ಹಿಂದಿನ ಕೋಣೆಗೆ ಹೋಗಿ ನೋಡಿಕೊಂಡ.

'ಜೋಳದ ತೆನೆ ಥರ ಸಾರ್. ಸುತ್ತ ಸಾಲಾಗಿ. ನೋಡಿ ಕೈ ನಡುಗಿಬಿಡ್ತು.'

ಶಿಶ್ನದ ತುದಿಯ ಭಾಗ ಮುಗಿಯುವ ಕಡೆ ಒಂದು ಅಂಚು ಇರುತ್ತದಲ್ಲ, ಆ ಅಂಚಿನುದ್ದಕ್ಕೂ ಚಿಕ್ಕ ಚಿಕ್ಕ ಗುಳ್ಳೆಗಳು. ನೋವಿಲ್ಲ, ತುರಿಕೆಯಿಲ್ಲ, ಕೀವಿಲ್ಲ. ಆದರೆ ಎರಡು ವರ್ಷದ ಹಿಂದೆ ಗೆಳೆಯರ ಜತೆ ಪ್ರವಾಸಕ್ಕೆ ಹೋದಾಗ ಒಂದು ರಾತ್ರಿ ನಡೆದದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕಾಂಡೋಮ್ ಬಳಸಿರಲಿಲ್ಲ. ಆ ರಾತ್ರಿಗೆ ಈ ಗುಳ್ಳೆಯೇ ಶಿಕ್ಷೆ ಅಂತ ಅವನೇ ತೀರ್ಮಾನ ಮಾಡಿಕೊಂಡ.

ಆಮೇಲೆ ಮೊಬೈಲಿನಲ್ಲಿ ಹುಡುಕಿದ. ಬಂದದ್ದೆಲ್ಲ ಹೂಕೋಸಿನಂತೆ ಬೆಳೆದ ನರೂಲಿಗಳ ಚಿತ್ರ. ಲೆನ್ಸಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ಕಂಡದ್ದನ್ನು ಆ ಚಿತ್ರದ ಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಒಂದೇ ಥರ ಅನಿಸುತ್ತದೆ. ಹತ್ತು ಪಟ್ಟು ಮಾಡಿದರೆ ಅಂಗೈ ಚರ್ಮವೂ ಉತ್ತ ಹೊಲದ ಥರ ಕಾಣುತ್ತದೆ, ಅಲ್ವಾ?

ಟ್ಯೂಬು, ಪುಡಿ, ಸುಣ್ಣ

ಮುಂದಿನ ಎಂಟು ತಿಂಗಳಲ್ಲಿ ಅವನು ಮೂರು ಪ್ರಯತ್ನ ಮಾಡಿದ. ಮೂರರಲ್ಲೂ ಯಾರೂ ಆ ಜಾಗವನ್ನು ನೋಡಲಿಲ್ಲ.

ಮೊದಲನೆಯದು ಮೆಡಿಕಲ್ ಶಾಪು. ಬೇರೆ ಗಿರಾಕಿಗಳು ಹೋಗುವವರೆಗೆ ಕೊಡೆ ಮಡಚುತ್ತಾ ಬಿಚ್ಚುತ್ತಾ ಹೊರಗೆ ನಿಂತಿದ್ದನಂತೆ. ಒಳಗೆ ಹೋಗಿ 'ಅಲ್ಲಿ ತುರಿಕೆ' ಅಂದ. ತುರಿಕೆ ಇರಲಿಲ್ಲ. ಗುಳ್ಳೆ ಅನ್ನಲು ನಾಚಿಕೆ, ತುರಿಕೆ ಅಂದರೆ ಅಷ್ಟು ಮರ್ಯಾದೆ ಹೋಗುವುದಿಲ್ಲ ಅನಿಸಿತಂತೆ. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಕಾಡಿದ್ದು ಈ ಪುಟ್ಟ ಸುಳ್ಳು. ಅಂಗಡಿಯವನು ತುರಿಕೆಗೆ ಕೊಡುವುದನ್ನೇ ಕೊಟ್ಟ: ಫಂಗಸ್, ಬ್ಯಾಕ್ಟೀರಿಯಾ, ಉರಿ ಎಲ್ಲಕ್ಕೂ ಒಂದೇ ಟ್ಯೂಬು. ಅದರಲ್ಲಿ ಕ್ಲೋಬೆಟಾಸಾಲ್ ಇತ್ತು. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಜೋರಿನದು ಅದೇ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಗಳು ಎಷ್ಟಿವೆ ಅಂತ ನಿಮಗೇ ಗೊತ್ತು.

ಆ ಟ್ಯೂಬನ್ನು ಅವನು ತಿಂಗಳುಗಟ್ಟಲೆ ಹಚ್ಚುತ್ತಲೇ ಇದ್ದ. ಗುಳ್ಳೆ ಹೋಗಲಿಲ್ಲ, ಆದ್ದರಿಂದ ಜಾಸ್ತಿ ಹಚ್ಚಿದ. ವೃಷಣದ ಚೀಲಕ್ಕೂ ಹಚ್ಚಿದ, 'ಹರಡದಿರಲಿ' ಅಂತ. ದೇಹದ ಚರ್ಮ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. 1967ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಹಚ್ಚಿ ಅಳೆದು ನೋಡಿದರು. ಮುಂಗೈ ಒಂದು ಪಾಲು ಹೀರಿದರೆ ವೃಷಣದ ಚೀಲ 42 ಪಾಲು ಹೀರಿತ್ತು. ಪಾದಕ್ಕೆ ಹಚ್ಚುವ ಜೋರಿನ ಟ್ಯೂಬನ್ನು ಅಲ್ಲಿಗೆ ಹಚ್ಚಿದರೆ ಏನಾಗುತ್ತದೆ ಲೆಕ್ಕ ಹಾಕಿ. ಐದನೇ ತಿಂಗಳಿಗೆ ಚೀಲ ಕೆಂಪಗಾಗಿ, ಬಿಸಿಲಿಗೆ ಬಂದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯತೊಡಗಿತು. ಅದನ್ನೂ ರೋಗದ ಖಾತೆಗೇ ಬರೆದುಕೊಂಡ.

ಎರಡನೆಯದು, ಬಸ್‌ಸ್ಟ್ಯಾಂಡಿನ ಶೌಚಾಲಯದ ಗೋಡೆಯಲ್ಲಿ ಅಂಟಿಸಿದ್ದ ಚೀಟಿ. 'ಗುಪ್ತರೋಗ, ನರ ದೌರ್ಬಲ್ಯ, ಒಂದೇ ಭೇಟಿಯಲ್ಲಿ ಪರಿಹಾರ.' ತಿಂಗಳಿಗೊಮ್ಮೆ ಒಂದು ಲಾಡ್ಜಿಗೆ ಬರುವ ವ್ಯಕ್ತಿ. ನಾಡಿ ಹಿಡಿದು, ಕಣ್ಣು ಅಗಲಿಸಿ ನೋಡಿ, ಧಾತು ಕೆಟ್ಟಿದೆ ಅಂದ. 4,500 ರೂಪಾಯಿ ಇಸಕೊಂಡು ಪುಡಿಯ ಪೊಟ್ಟಣ ಕೊಟ್ಟ. ಲೈಂಗಿಕ ರೋಗ ವಾಸಿ ಮಾಡುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಕಾಯ್ದೆಗೆ 70 ವರ್ಷ ದಾಟಿತು. ಗೋಡೆಗಳಿಗೆ ಗೊತ್ತಿಲ್ಲ.

ಮೂರನೆಯದೇ ಅವನನ್ನು ನಮ್ಮ ಹತ್ತಿರ ತಂದದ್ದು. ಹಳ್ಳಿಗಳಲ್ಲಿ ನರೂಲಿಗೆ ಕುದುರೆ ಬಾಲದ ಕೂದಲು ಕಟ್ಟುತ್ತಾರೆ, ಇಲ್ಲವೆ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಹಚ್ಚಿ ಸುಡುತ್ತಾರೆ. ಕೈಮೇಲಿನ ನರೂಲಿಗೆ ಅಜ್ಜಿ ಹೀಗೆ ಮಾಡಿದ್ದನ್ನು ಅವನು ಚಿಕ್ಕವನಿದ್ದಾಗ ನೋಡಿದ್ದ. ಮದುವೆ ಹತ್ತಿರ ಬಂತು. ಒಂದು ರಾತ್ರಿ ಬೆಂಕಿಕಡ್ಡಿಯ ತುದಿಯಲ್ಲಿ ತೆಗೆದುಕೊಂಡು ಮೂರು ಕಡೆ ಇಟ್ಟ. 'ಹತ್ತರವರೆಗೂ ಎಣಿಸೋಕೆ ಆಗಲಿಲ್ಲ ಸಾರ್' ಅಂದ. ಐದು ದಿನ ಆಗಿತ್ತು. ಮೂರೂ ಕಡೆ ಹಸಿ ಗಾಯ.

ಚೀಟಿಯ ಹಿಂದಿನ ಗೆರೆ

ನನಗೊಂದು ಅಭ್ಯಾಸವಿದೆ. ಎದುರಿಗಿರುವವರು ಗಾಬರಿಯಲ್ಲಿದ್ದಾಗ ಓಪಿಡಿ ಚೀಟಿ ತಿರುಗಿಸಿ ಒಂದು ಉದ್ದ ಗೆರೆ ಎಳೆಯುತ್ತೇನೆ. ಬಲತುದಿ ಇವತ್ತು. ಏನೇನು ಯಾವಾಗ ಆಯಿತು ಅಂತ ಅವರೇ ಗುರುತು ಹಾಕಬೇಕು.

ಪ್ರವಾಸ, ಎರಡು ವರ್ಷದ ಹಿಂದೆ. ಅದರ ನಂತರ ಯಾರ ಜತೆಗೂ ಸಂಬಂಧ ಇಲ್ಲ. ಗುಳ್ಳೆ, ಎಂಟು ತಿಂಗಳ ಹಿಂದೆ. ಟ್ಯೂಬು. ಪುಡಿ. ಸುಣ್ಣ, ಐದು ದಿನ.

'ಎಂಟು ತಿಂಗಳು ಅಂದದ್ದು ಲೆನ್ಸಿನಲ್ಲಿ ನೋಡಿದ್ದು. ಬರಿಗಣ್ಣಲ್ಲಿ ಮೊದಲು ನೋಡಿದ್ದು ಯಾವಾಗ?' ಅಂತ ಕೇಳಿದೆ.

ಪೆನ್ನು ಹಿಡಿದವನು ನಿಂತುಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು, 'ಪಿಯುಸಿ ಹಾಸ್ಟೆಲ್‌ನಲ್ಲಿ ಇದ್ದಾಗ... ಸಣ್ಣಗೆ ಬಿಳಿ ಬಿಳಿ ಇತ್ತು ಸಾರ್. ಕೊಳೆ ಅಂದ್ಕೊಂಡು ಸೋಪು ಹಾಕಿ ಉಜ್ತಿದ್ದೆ. ಹೋಗ್ತಿರಲಿಲ್ಲ. ಆಮೇಲೆ ಮರೆತೆ' ಎಂದ.

ಅಂದರೆ ಒಂಬತ್ತು ವರ್ಷ. ಗೆರೆಯ ಎಡತುದಿಗೆ, ಪ್ರವಾಸದ ಗುರುತಿಗಿಂತ ತುಂಬಾ ಹಿಂದೆ, ಅವನೇ ಒಂದು ಚುಕ್ಕೆ ಇಟ್ಟ. ಆ ಚುಕ್ಕೆಯನ್ನೇ ನೋಡುತ್ತಾ ಕೂತ.

'ಹಾಗಾದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ವಾ ಸಾರ್?'

ಇಲ್ಲ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಅನ್ನಲಿಲ್ಲ. ನಾನೂ ನೋಡದೆ ಹೇಳಿದರೆ ಮೆಡಿಕಲ್ ಶಾಪಿನವನಿಗೂ ನನಗೂ ಏನು ವ್ಯತ್ಯಾಸ? 'ಮೇಡಂ ನೋಡಲಿ' ಅಂದೆ.

ಮೇಡಂ ಅನ್ನುವ ಪದ ಕೇಳಿ ಎದ್ದು ನಿಂತ. ಹೆಣ್ಣು ಡಾಕ್ಟರ್ ಬೇಡ ಅನಿಸಿದರೆ ಗುರುವಾರ ಬೇರೆ ಡಾಕ್ಟರ್ ಇರುತ್ತಾರೆ, ಆದರೆ ಗಾಯ ಹಸಿ ಇದೆ, ನೀವೇ ಯೋಚಿಸಿ ಅಂದೆ. ಒಳಗೆ ಒಬ್ಬ ಗಂಡಸು ಸಿಬ್ಬಂದಿ ಇರುತ್ತಾರೆ, ಬೇಕಾದರೆ ಭಾವನನ್ನೂ ಕರೆದುಕೊಳ್ಳಬಹುದು ಅಂದೆ. 'ಭಾವ ಬೇಡ' ಎಂದ. ಒಳಗೆ ಹೋದ.

ಕಂಪನಿ ಫಿಟ್ಟಿಂಗ್

ಮೇಡಂ ಮೊದಲು ಗುಳ್ಳೆ ನೋಡಲಿಲ್ಲ. ಬಾಯಿ ತೆಗೆಸಿ ನೋಡಿದರು. ಅಂಗೈ, ಅಂಗಾಲು ನೋಡಿದರು. ತೊಡೆ ಸಂದಿಯಲ್ಲಿ ಗಡ್ಡೆ ಇದೆಯಾ ಅಂತ ಮುಟ್ಟಿ ನೋಡಿದರು. ಸಿಫಿಲಿಸ್ ಅನ್ನುವ ಲೈಂಗಿಕ ಸೋಂಕು ಇದ್ದರೆ ಅಲ್ಲೆಲ್ಲ ಸುಳಿವು ಸಿಗಬಹುದು. ಆಮೇಲೆ ಗಾಯ, ಕೊನೆಗೆ ಗುಳ್ಳೆ.

ಅವರ ಹತ್ತಿರ ಡರ್ಮಾಸ್ಕೋಪ್ ಅನ್ನುವ ಪುಟ್ಟ ಉಪಕರಣ ಇದೆ. ಅದೂ ಒಂದು ಲೆನ್ಸೇ, ಸುತ್ತ ಎಲ್‌ಇಡಿ. ಅದನ್ನು ನೋಡಿದ್ದೇ ಹುಡುಗನ ಮುಖದಲ್ಲಿ ಮೊದಲ ಸಲ ಸ್ವಲ್ಪ ಧೈರ್ಯ ಬಂತಂತೆ. 'ನಮ್ಮಂಗಡೀಲೂ ಇಂಥದೇ ಇದೆ ಮೇಡಂ' ಅಂದನಂತೆ. ಮೇಡಂ ಅವನನ್ನು ಕೇಳಿ ಒಂದು ಫೋಟೋ ತೆಗೆದು, ತೋರಿಸಿ, ಅವನ ಕೈಯಿಂದಲೇ ಅಳಿಸಿದರು.

'ಹೇಗೆ ಕಾಣ್ತಿದೆ ಹೇಳಿ' ಅಂತ ಕೇಳಿದರಂತೆ.

'ಸಾಲಾಗಿ ಇದೆ ಮೇಡಂ. ಎಲ್ಲಾ ಒಂದೇ ಅಳತೆ. ಐಸಿ ಚಿಪ್ಪಿನ ಕಾಲುಗಳ ಥರ.'

'ನರೂಲಿ ಆಗಿದ್ರೆ ಹಾಗಿರ್ತಿರಲಿಲ್ಲ. ಒಂದು ಇಲ್ಲಿ, ಒಂದು ಅಲ್ಲಿ, ಒಂದು ದೊಡ್ಡದು, ಒಂದು ಚಿಕ್ಕದು. ಅಡ್ಡಾದಿಡ್ಡಿ ಇರ್ತಿತ್ತು. ಇದು ಕಂಪನಿ ಫಿಟ್ಟಿಂಗ್. ಹೊರಗಿಂದ ಬಂದದ್ದಲ್ಲ.'

ಇದಕ್ಕೆ ಪರ್ಲಿ ಪೀನೈಲ್ ಪ್ಯಾಪ್ಯೂಲ್ಸ್ ಅನ್ನುತ್ತಾರೆ. ಮುತ್ತಿನಂಥ ಗುಳ್ಳೆಗಳು ಅಂದುಕೊಳ್ಳಿ. ಸಾಮಾನ್ಯವಾಗಿ ಒಂದರಿಂದ ಎರಡು ಮಿಲಿಮೀಟರ್. ಬಣ್ಣ ಚರ್ಮದ್ದೇ, ಇಲ್ಲವೆ ಸ್ವಲ್ಪ ಬಿಳಿ, ಸ್ವಲ್ಪ ಗುಲಾಬಿ. ಅಂಚಿನ ಸುತ್ತ ಒಂದೋ ಎರಡೋ ಮೂರೋ ಸಾಲು. ಹದಿಹರೆಯದ ಹೊತ್ತಿಗೆ ಅಥವಾ ಅದರ ನಂತರ ಕಾಣಿಸಿಕೊಳ್ಳುತ್ತವೆ, ವಯಸ್ಸಾದಂತೆ ಮಾಸುತ್ತಾ ಹೋಗುತ್ತವೆ. ಸುನ್ನತಿ ಆದವರಲ್ಲಿ ಕಡಿಮೆ. ಬೇರೆ ಬೇರೆ ಅಧ್ಯಯನಗಳಲ್ಲಿ ನೋಡಿದ ಗಂಡಸರಲ್ಲಿ ಶೇ. 14ರಿಂದ 48ರಷ್ಟು ಜನಕ್ಕೆ ಇದ್ದವು. ಕಡಿಮೆಯ ಲೆಕ್ಕವನ್ನೇ ಹಿಡಿದರೂ ಏಳು ಜನರಲ್ಲಿ ಒಬ್ಬ. ಸಂಭೋಗಕ್ಕೂ ಇದಕ್ಕೂ ಸಂಬಂಧವಿಲ್ಲ, ಕೊಳಕಿಗೂ ಸಂಬಂಧವಿಲ್ಲ, ಯಾರಿಂದಲೂ ಬರುವುದಿಲ್ಲ, ಯಾರಿಗೂ ಹೋಗುವುದಿಲ್ಲ. ಇದು ಕಾಯಿಲೆಯೇ ಅಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಸುಣ್ಣದ ಗಾಯ ಇತ್ತು.

ಬಿಳಿ ಕಿಟ್ಟು ಕೊಡಬೇಕೋ ಬೇಡವೋ

ಸುರಕ್ಷಾ ಕ್ಲಿನಿಕ್‌ನಲ್ಲಿ ಔಷಧಿಗಳು ಬಣ್ಣದ ಕಿಟ್ಟುಗಳಲ್ಲಿ ಬರುತ್ತವೆ. ಮೂತ್ರದ ದ್ವಾರದಿಂದ ಸ್ರಾವ ಆಗುತ್ತಿದ್ದರೆ ಬೂದು ಬಣ್ಣದ್ದು, ಶಿಶ್ನದ ಮೇಲೆ ಹುಣ್ಣಾಗಿದ್ದರೆ ಬಿಳಿಯದು, ನೀರುಗುಳ್ಳೆ ಒಡೆದ ಹರ್ಪಿಸ್ ಹುಣ್ಣಾದರೆ ಕೆಂಪು. ಲ್ಯಾಬ್ ರಿಪೋರ್ಟಿಗೆ ಕಾಯದೆ ಲಕ್ಷಣ ನೋಡಿಯೇ ಔಷಧಿ ಕೊಡುವ ಪದ್ಧತಿ ಇದು. ಕಾಯುವಷ್ಟರಲ್ಲಿ ರೋಗಿ ತಪ್ಪಿಸಿಕೊಂಡುಬಿಡುತ್ತಾನೆ ಅನ್ನುವ ಅನುಭವದಿಂದ ಬಂದದ್ದು. ಒಳ್ಳೆಯ ಪದ್ಧತಿ.

ಇವನಿಗೆ ಹುಣ್ಣಿತ್ತು. ಲೆಕ್ಕದ ಪ್ರಕಾರ ಬಿಳಿ ಕಿಟ್ಟು, ಅದರಲ್ಲಿರುವ ಪೆನಿಸಿಲಿನ್ ಇಂಜೆಕ್ಷನ್. ಮೇಡಂ ಚೀಟಿಯ ಹಿಂದಿನ ಗೆರೆ ನೋಡಿದರು. ಸಂಪರ್ಕ ಎರಡು ವರ್ಷದ ಹಿಂದೆ, ಹುಣ್ಣು ಐದು ದಿನದ್ದು. ಸಿಫಿಲಿಸ್ ಹುಣ್ಣು ಸಂಪರ್ಕವಾಗಿ 9ರಿಂದ 90 ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ನೋವಿರುವುದಿಲ್ಲ. ಇವನಿಗೆ ಜೀವ ಹೋಗುವಷ್ಟು ನೋವು. ಬೆಂಕಿಕಡ್ಡಿ ಇಟ್ಟ ಮೂರು ಜಾಗ, ಮೂರೇ ಹುಣ್ಣು. ಕಿಟ್ಟು ಕೊಡದೆ ಒಂದು ವಾರ ಕಾದು ನೋಡೋಣ, ಆದರೆ ರಕ್ತ ಪರೀಕ್ಷೆ ಇವತ್ತೇ ಆಗಲಿ ಎಂದರು. ಹುಡುಗ ಹೇಳಿದ ತಾರೀಖುಗಳನ್ನು ನಂಬಿದರಷ್ಟೇ ಈ ತೀರ್ಮಾನ ನಿಲ್ಲುತ್ತದೆ. ಅವನು ನಾಚಿಕೆಯಿಂದ ಇನ್ನೊಂದು ಸಂಪರ್ಕ ಮುಚ್ಚಿಟ್ಟಿದ್ದರೆ ಲೆಕ್ಕ ತಪ್ಪುತ್ತಿತ್ತು. ಅದಕ್ಕೇ ಮೇಡಂ ನನ್ನನ್ನು ಕರೆದು, 'ಇನ್ನೊಂದ್ಸಲ ಕೇಳಿ, ಬೇರೆ ಥರ ಕೇಳಿ' ಅಂದರು. ಕೇಳಿದೆ. ಅದೇ ಉತ್ತರ ಬಂತು.

ರಕ್ತ ಪರೀಕ್ಷೆ ಎಂದಾಗ ಅವನಿಗೆ ಗೊಂದಲ. 'ಗುಳ್ಳೆ ಕಾಯಿಲೆ ಅಲ್ಲ ಅಂದ್ರಲ್ಲ, ಮತ್ಯಾಕೆ?' ಇಲ್ಲಿ ಬಹಳ ಜನ ತಪ್ಪುತ್ತಾರೆ. ಗುಳ್ಳೆ ಬೇರೆ, ಆ ರಾತ್ರಿ ಬೇರೆ. ಗುಳ್ಳೆಯಿಂದ ಅಪಾಯವಿಲ್ಲ ಅಂದ ಮಾತ್ರಕ್ಕೆ ಕಾಂಡೋಮ್ ಇಲ್ಲದ ಸಂಪರ್ಕಕ್ಕೆ ಸರ್ಟಿಫಿಕೇಟ್ ಸಿಕ್ಕ ಹಾಗಲ್ಲ. ಗುಳ್ಳೆ ಇಲ್ಲದಿದ್ದರೂ ಆ ಪರೀಕ್ಷೆ ಎರಡು ವರ್ಷದ ಹಿಂದೆಯೇ ಆಗಬೇಕಿತ್ತು. ಎಚ್‌ಐವಿ ಬಂದವರಲ್ಲಿ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಹೊರಗೆ ಏನೂ ಕಾಣುವುದೇ ಇಲ್ಲ. ಇದನ್ನು ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶ ಬಾಯಿಬಿಡುವ ಹಾಗಿಲ್ಲ. 2017ರ ಕಾಯ್ದೆಯಲ್ಲೇ ಇದೆ.

ಮಧ್ಯಾಹ್ನದ ಹೊತ್ತಿಗೆ ಎಚ್‌ಐವಿ, ಸಿಫಿಲಿಸ್ ಎರಡೂ ನಾನ್-ರಿಯಾಕ್ಟಿವ್, ಅಂದರೆ ಸೋಂಕಿಲ್ಲ ಅಂತ ಬಂತು. ಅವನು ಅಳಲೂ ಇಲ್ಲ, ನಗಲೂ ಇಲ್ಲ. 'ಸಾರ್, ಒಂದು ಲೋಟ ನೀರು' ಅಂದ. ಎರಡು ಲೋಟ ಕುಡಿದ.

ಭಾವ ಹೊರಗಿಂದ ಎದ್ದು ಬಂದು 'ಏನಂತೆ?' ಅಂದರು. 'ಅವರನ್ನೇ ಕೇಳಿ' ಅಂದೆ. ಹುಡುಗನೇ 'ಸುಣ್ಣದ ಗಾಯ ಅಷ್ಟೇ ಭಾವ' ಎಂದ. ಅದು ನಿಜವೂ ಹೌದು.

ನಾನು ಎಡವಿದ್ದು

ಟ್ಯೂಬು ನಿಲ್ಲಿಸಿ, ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಸೋಪು ಬೇಡ, ಸಡಿಲ ಹತ್ತಿ ಒಳಚಡ್ಡಿ ಹಾಕಿ ಅಂತ ಮೇಡಂ ಹೇಳಿ ಕಳಿಸಿದರು. ಜೋರಿನ ಸ್ಟೀರಾಯ್ಡ್ ಬಿಟ್ಟ ಮೊದಲ ವಾರಗಳಲ್ಲಿ ಉರಿ ಇಳಿಯುವ ಬದಲು ಏರುತ್ತದೆ ಅಂತಲೂ ಹೇಳಿದ್ದರಂತೆ. ನಾಲ್ಕನೇ ದಿನ ರಾತ್ರಿ ಹತ್ತೂವರೆಗೆ ಅವನ ಫೋನು. 'ಸಾರ್, ಉರಿ ಡಬಲ್ ಆಗಿದೆ. ಮೇಡಂ ತಪ್ಪು ಹೇಳಿರಬೇಕು. ಟ್ಯೂಬ್ ಹಚ್ಚಿದ್ರೆ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತೆ. ಈಗ ಹಚ್ಚಿದೆ.'

ಪರೀಕ್ಷೆಯ ಫಲಿತಾಂಶದ ಗುಂಗಿನಲ್ಲಿ ಮೇಡಂ ಹೇಳಿದ್ದು ಅವನ ಕಿವಿಗೇ ಬಿದ್ದಿರಲಿಲ್ಲ. ಹೊರಡುವ ಮುಂಚೆ ಮತ್ತೊಮ್ಮೆ ಹೇಳಿ, ಚೀಟಿಯಲ್ಲಿ ಬರೆದುಕೊಡಬೇಕಾದದ್ದು ನನ್ನ ಕೆಲಸ. ನಾನು ಆ ದಿನ ಎಚ್‌ಐವಿ ರಿಪೋರ್ಟು ಚೆನ್ನಾಗಿ ಬಂತು ಅನ್ನುವ ಖುಷಿಯಲ್ಲಿ ಫೈಲು ಮುಚ್ಚಿದ್ದೆ. ಒಂದು ಸಲ ಹಚ್ಚಿದ್ದಕ್ಕೆ ಆಕಾಶ ಕಳಚಿ ಬೀಳಲಿಲ್ಲ, ಆದರೆ ಆ ಉರಿಯನ್ನು ಅವನು ಮತ್ತೆ ಮೊದಲಿಂದ ಅನುಭವಿಸಬೇಕಾಯಿತು. ಈಗ ನಾನು 'ಮೊದಲು ಜಾಸ್ತಿ ಆಗುತ್ತೆ, ಆಮೇಲೆ ಕಡಿಮೆ ಆಗುತ್ತೆ, ಟ್ಯೂಬನ್ನು ಮನೆಯಲ್ಲೇ ಇಟ್ಕೋಬೇಡಿ' ಅಂತ ಚೀಟಿಯಲ್ಲಿ ಬರೆದೇ ಕೊಡುತ್ತೇನೆ.

ವಾರಕ್ಕೆ ಸುಣ್ಣದ ಗಾಯ ಒಣಗುತ್ತಾ ಬಂತು. ಬಿಳಿ ಕಿಟ್ಟು ಬೇಕಾಗಲಿಲ್ಲ. ಕೆಂಪು, ಉರಿ ಹೋಗಲು ಸುಮಾರು ಏಳು ವಾರ ಹಿಡಿಯಿತು. ಗುಳ್ಳೆಗಳು ಹಾಗೇ ಇವೆ.

ಅವನ್ನು ಲೇಸರ್‌ನಲ್ಲಿ ತೆಗೆಸಿಬಿಡಲಾ ಅಂತ ಒಮ್ಮೆ ಕೇಳಿದ. ತೆಗೆಯಲು ಆಗುತ್ತದೆ. ಲೇಸರ್ ಇದೆ, ತಣ್ಣನೆ ದ್ರವದಿಂದ ಹೆಪ್ಪುಗಟ್ಟಿಸುವ ವಿಧಾನವೂ ಇದೆ. ಆದರೆ ಕಾಯಿಲೆಯೇ ಅಲ್ಲದ್ದಕ್ಕೆ ಗಾಯ ಮಾಡಿಸಿಕೊಂಡು ಕಲೆ ಉಳಿಸಿಕೊಳ್ಳುವುದು ಯಾಕೆ? 'ಮದುವೆ ಆಗಿ ವರ್ಷ ಆದ ಮೇಲೂ ಬೇಕು ಅನಿಸಿದ್ರೆ ಬನ್ನಿ' ಅಂದರು ಮೇಡಂ. ಬಂದಿಲ್ಲ.

ಬೇರೆ ಗುಳ್ಳೆಗಳ ಮಾತು

ಈ ಹುಡುಗನ ನಂತರ ನಾನು ಇಂಥ ಗುಳ್ಳೆಯ ಗಾಬರಿಯಲ್ಲಿ ಬಂದವರನ್ನು ಸ್ವಲ್ಪ ಗಮನ ಇಟ್ಟು ನೋಡುತ್ತೇನೆ. ಹೆಚ್ಚು ಬರುವುದು ಶಿಶ್ನದ ಉದ್ದಕ್ಕೆ ಅಥವಾ ವೃಷಣದ ಚೀಲದ ಮೇಲೆ ರವೆ ಚೆಲ್ಲಿದ ಹಾಗೆ ಹಳದಿ-ಬಿಳಿ ಚುಕ್ಕೆ ಇರುವವರು. ಚರ್ಮ ಎಳೆದರೆ ಚೆನ್ನಾಗಿ ಕಾಣುತ್ತವೆ. ಇವು ಕೂದಲಿಲ್ಲದ ಕಡೆ ಉಳಿದುಕೊಂಡ ಎಣ್ಣೆ ಗ್ರಂಥಿಗಳು. 1896ರಲ್ಲಿ ಫೋರ್ಡೈಸ್ ಅನ್ನುವ ಅಮೆರಿಕದ ಚರ್ಮರೋಗ ತಜ್ಞ ತುಟಿಯ ಮೇಲಿನ ಇವುಗಳ ಬಗ್ಗೆ ಬರೆದದ್ದರಿಂದ ಫೋರ್ಡೈಸ್ ಚುಕ್ಕೆ ಅನ್ನುತ್ತಾರೆ. ನಾನು ಅಂಥವರಿಗೆ ಕನ್ನಡಿ ಕೊಟ್ಟು ಮೇಲ್ದುಟಿಯ ಅಂಚು, ಕೆನ್ನೆಯ ಒಳಗೆ ನೋಡಿಕೊಳ್ಳಿ ಅನ್ನುತ್ತೇನೆ. ಎಷ್ಟೋ ಸಲ ಅಲ್ಲೂ ಅವೇ ಚುಕ್ಕೆ. ಬಾಯಲ್ಲಿರುವಾಗ ಯಾರಿಗೂ ಅನುಮಾನ ಬಂದಿರುವುದಿಲ್ಲ.

ನಡುವಯಸ್ಸು ದಾಟಿದವರ ಚೀಲದ ಮೇಲೆ ಕಡುಗೆಂಪು, ನೇರಳೆ ಬಣ್ಣದ ಸಣ್ಣ ಗುಳ್ಳೆ ಬರುವುದುಂಟು. ರಕ್ತನಾಳ ಉಬ್ಬಿದ್ದು. ಕೆರೆದರೆ ರಕ್ತ ಬಂದು ಹೆದರಿಸುತ್ತದೆ, ಅಷ್ಟೇ. ಬ್ಲೇಡ್ ಹಾಕಿ ಕೂದಲು ತೆಗೆದ ಮೂರನೇ ದಿನ ಬರುವ ಗುಳ್ಳೆಯಂತೂ ಕೂದಲು ಒಳಗೆ ಸಿಕ್ಕಿಕೊಂಡದ್ದು. ಬ್ಲೇಡ್ ಬಿಟ್ಟರೆ ಬಹುಪಾಲು ತಾನೇ ಹೋಗುತ್ತದೆ.

ಹೆಂಗಸರಲ್ಲೂ ಮುತ್ತಿನ ಗುಳ್ಳೆಗೆ ಜೋಡಿಯಂಥದ್ದು ಇದೆ. ಯೋನಿಯ ಒಳತುಟಿಗಳ ಒಳಬದಿಯಲ್ಲಿ, ಎರಡೂ ಕಡೆ ಸಮವಾಗಿ, ಮೆತ್ತಗೆ, ಬೆರಳಿನಾಕಾರದ ಚಿಕ್ಕ ಚಿಕ್ಕ ಮೊನೆಗಳು. ಪ್ರತಿಯೊಂದಕ್ಕೂ ಬುಡ ಬೇರೆ ಬೇರೆ. ನರೂಲಿಯಾದರೆ ಒಂದೇ ಬುಡದಿಂದ ಹಲವು ಮೊನೆ ಕವಲೊಡೆಯುತ್ತವೆ. ಎಲ್ಲೋ ಅವಸರದಲ್ಲಿ ನೋಡಿದವರು 'ನರೂಲಿ, ಸೋಂಕು' ಅಂದದ್ದಕ್ಕೆ ಗಂಡ ತವರಿಗೆ ಕಳಿಸಿದ ಹೆಣ್ಣುಮಗಳೊಬ್ಬಳು ನಮ್ಮಲ್ಲಿಗೆ ಬಂದಿದ್ದಳು. ಮೇಡಂ ನೋಡಿ, ಇದು ಹುಟ್ಟುಗುಣ ಅಂದರು. ಗಂಡನನ್ನು ಕರೆಸಿ ಮಾತಾಡಿದ್ದೂ ಆಯಿತು. ಅವನು ಕ್ಷಮೆ ಕೇಳಲಿಲ್ಲ, ಸುಮ್ನೆ ಅವಳ ಚೀಲ ಎತ್ತಿಕೊಂಡು ಹೊರಟ.

ಹಾಗಂತ ಗುಳ್ಳೆಯೆಲ್ಲ ಮುತ್ತಲ್ಲ. ನೀರು ತುಂಬಿ ಗೊಂಚಲಾಗಿ ಬಂದು ಒಡೆದು ಉರಿದರೆ ಹರ್ಪಿಸ್ ಇರಬಹುದು. ನಡುವೆ ಹೊಕ್ಕುಳಿನಂಥ ಗುಳಿ ಇರುವ, ಮೇಣದಂತೆ ಹೊಳೆಯುವ ಗುಳ್ಳೆ ಮೊಲಸ್ಕಮ್, ಅಂಟುತ್ತದೆ. ರಾತ್ರಿ ತುರಿಕೆ ಜಾಸ್ತಿಯಾಗಿ, ಬೆರಳ ಸಂದಿಯಲ್ಲೂ ಇದ್ದು, ಮನೆಯವರೂ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ. ನರೂಲಿಗೆ ಕಾರಣ ಎಚ್‌ಪಿವಿ ಅನ್ನುವ ವೈರಸ್, ಹೆಚ್ಚಾಗಿ ಅದರ 6 ಮತ್ತು 11ನೇ ಬಗೆ. ಸಂಪರ್ಕವಾಗಿ ವಾರಗಳ ನಂತರವೂ ಬರಬಹುದು, ತಿಂಗಳುಗಳ ನಂತರವೂ ಬರಬಹುದು. ಮೊದಲು ಇಲ್ಲದ್ದು ಹೊಸದಾಗಿ ಬಂದರೆ, ಬೆಳೆಯುತ್ತಿದ್ದರೆ, ಆಕಾರ ಬಣ್ಣ ಬದಲಾದರೆ ಕಾಯಬಾರದು. ನೋವಿಲ್ಲದ ಹುಣ್ಣು ನೋವಿರುವ ಹುಣ್ಣಿಗಿಂತ ಹೆಚ್ಚು ಮೋಸದ್ದು, ಯಾಕೆಂದರೆ ನೋವಿಲ್ಲ ಅಂತ ಯಾರೂ ಬರುವುದಿಲ್ಲ. ಸ್ರಾವ, ತೊಡೆ ಸಂದಿಯ ಗಡ್ಡೆ, ಬಿಳಿ ಮಚ್ಚೆಯಾಗಿ ಗಟ್ಟಿಯಾದ ಚರ್ಮ, ಎರಡು ಮೂರು ವಾರವಾದರೂ ಮಾಯದ ಗಾಯ, ಹಿಂದೆ ಸರಿಯುತ್ತಿದ್ದ ಮುಂದೊಗಲು ಸರಿಯದೆ ಹೋದದ್ದು, ಸಂಗಾತಿಗೂ ಹಾಗೇ ಆದದ್ದು, ಇವಕ್ಕೆಲ್ಲ ಡಾಕ್ಟರೇ ಬೇಕು. ವರ್ಷಗಟ್ಟಲೆ ಒಂದೇ ಥರ ಇದ್ದು ಏನೂ ತೊಂದರೆ ಕೊಡದಿದ್ದರೂ, ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ ಅದೂ ತೋರಿಸಲು ಸಾಕಷ್ಟು ಕಾರಣವೇ. ನೋಡಿ ಹೇಳಲು ಅವರಿಗೆ ಹೆಚ್ಚು ಹೊತ್ತು ಬೇಡ.

ಎಲ್ಲಿಗೆ ಹೋಗಬೇಕು ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಬೋರ್ಡಿನಲ್ಲಿ ಹೆಸರಿನ ಮುಂದೆ ಡಿವಿಎಲ್ ಅಥವಾ ಡಿಡಿವಿಎಲ್ ಅಂತ ಇದ್ದರೆ ಅವರು ಚರ್ಮ ಮತ್ತು ಲೈಂಗಿಕ ರೋಗ ಎರಡನ್ನೂ ಓದಿದವರು. ಜಿಲ್ಲಾ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಎಲ್ಲಿ ಅಂತ ಕೇಳಿದರೆ ಸಾಕು, ರೋಗ ಹೇಳಬೇಕಿಲ್ಲ. ಮುಖ ತೋರಿಸದೆ ಮಾತಾಡಬೇಕು ಅನಿಸಿದರೆ 1097 ಇದೆ, ದುಡ್ಡು ಬೀಳುವುದಿಲ್ಲ. ನಮ್ಮ ಹುಡುಗ ಮೆಡಿಕಲ್ ಶಾಪಿನ ಹೊರಗೆ ಕೊಡೆ ಮಡಚುತ್ತಾ ನಿಂತಿದ್ದ ದಿನ ಆ ನಂಬರು ಗೊತ್ತಿದ್ದರೆ ಟ್ಯೂಬೂ ಇಲ್ಲ, ಸುಣ್ಣವೂ ಇಲ್ಲ.

ಮದುವೆ ಒಂದು ತಿಂಗಳು ಮುಂದೆ ಹೋಗಿ ನಡೆಯಿತು. ಕರೆಯೋಲೆ ಕೊಡಲು ಭಾವ ಬಂದಿದ್ದರು. ನಾನು ಹೋಗಲಿಲ್ಲ. ಆಪ್ತಸಮಾಲೋಚಕ ಮದುವೆಗೆ ಬಂದಿದ್ದಾನೆ ಅಂದರೆ ಯಾರಾದರೂ 'ಇವರು ಹೇಗೆ ಪರಿಚಯ?' ಅಂತ ಕೇಳುತ್ತಾರೆ. ಪ್ರವಾಸದ ವಿಷಯವನ್ನು ಹೆಂಡತಿಗೆ ಹೇಳಿದನೋ ಇಲ್ಲವೋ ನಾನು ಕೇಳಿಲ್ಲ.

ಹೊರಗೆ ಸಿಕ್ಕಾಗ ಅವರಾಗಿಯೇ ಮಾತಾಡಿಸದೆ ನಾವು ಯಾರನ್ನೂ ಗುರುತು ಹಿಡಿಯುವುದಿಲ್ಲ. ಇದು ನಮ್ಮ ಕೆಲಸದ ನಿಯಮ. ಕಳೆದ ತಿಂಗಳು ನನ್ನ ಫೋನಿನ ಗಾಜು ಒಡೆದು ಅವನ ಅಂಗಡಿಗೇ ಹೋಗಬೇಕಾಯಿತು. ನಾಲ್ಕು ಜನ ಗಿರಾಕಿಗಳಿದ್ದರು. ಅವನು ಲೆನ್ಸಿಗೆ ಕಣ್ಣಿಟ್ಟು ಯಾವುದೋ ಬೋರ್ಡು ನೋಡುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ, ಫೋನು ಇಸಕೊಂಡ, ಮೂಲೆಯಲ್ಲಿದ್ದ ಸ್ಟೂಲು ಕಾಲಲ್ಲೇ ನನ್ನ ಕಡೆ ತಳ್ಳಿದ. ಗಾಜು ಹಾಕಿ, ಬಟ್ಟೆಯಲ್ಲಿ ಒರೆಸಿ ಕೊಟ್ಟ.

'ನೂರೈವತ್ತು' ಅಂದ. ಕೊಟ್ಟು ಬಂದೆ.